ಮಕ್ಪೇಲದ ಹೊಲ: ನಮ್ಮ ಶವಸಂಸ್ಕಾರದ ವೆಚ್ಚವನ್ನು ನಾವೇ ಮುಂದಾಗಿ ಸಿದ್ಧಪಡಿಸುವ ವಿಷಯ

(ಆಧಾರ: ಆದಿಕಾಂಡ 23ನೆಯ ಅಧ್ಯಾಯ)



ಮರಣದ ವಿಷಯವಾದ ಪ್ರಸಂಗಗಳು ನಮ್ಮ ದೇವಾಲಯಗಳಲ್ಲಿ ಕಡಿಮೆಯಿಲ್ಲ. ಮರಣಕ್ಕೆ ಸಿದ್ಧರಾಗಿರಬೇಕೆಂದು ನಾವು ಮೇಲಿಂದ ಮೇಲೆ ಕೇಳುತ್ತೇವೆ. ಕೇಳಿ, ತಲೆದೂಗಿ, ಮನೆಗೆ ಹೋಗುತ್ತೇವೆ. ಆದರೆ ಆ ಸಿದ್ಧತೆಯ ಒಂದು ಸಣ್ಣ ಭಾಗವನ್ನು ಕುರಿತು ಯಾರೂ ಬಾಯಿ ತೆರೆಯುವುದಿಲ್ಲ. ಅದು ಯಾವುದೆಂದರೆ, ನಾವು ತೀರಿಹೋದ ದಿನ ಪೆಟ್ಟಿಗೆಗೆ ಹಣ ಕೊಡತಕ್ಕವರು ಯಾರು, ಕುಣಿ ತೋಡುವವರ ಕೂಲಿ ಎಲ್ಲಿಂದ ಬರತಕ್ಕದ್ದು, ದೂರದಿಂದ ಬಂದ ನೆಂಟರಿಗೆ ಗಂಜಿ ಕಾಯಿಸುವ ಅಕ್ಕಿ ಯಾರ ಮನೆಯದು ಎಂಬ ಸಂಗತಿಯೇ. ಇದು ದೇವಾಲಯದಲ್ಲಿ ಆಡತಕ್ಕ ಮಾತಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಪವಿತ್ರಾತ್ಮನು ಇದನ್ನು ಅಲ್ಪವೆಂದು ಎಣಿಸಲಿಲ್ಲ. ಒಂದು ಸಮಾಧಿಯ ಸ್ಥಳವನ್ನು ಕ್ರಯಕ್ಕೆ ತೆಗೆದುಕೊಂಡ ವೃತ್ತಾಂತಕ್ಕಾಗಿ ಸತ್ಯವೇದದಲ್ಲಿ ಇಪ್ಪತ್ತು ವಚನಗಳುಳ್ಳ ಒಂದು ಇಡೀ ಅಧ್ಯಾಯವೇ ಬಿಡಲ್ಪಟ್ಟಿರುತ್ತದೆ. ಆ ಅಧ್ಯಾಯವನ್ನು ನಾವು ಈ ತಿಂಗಳು ಧ್ಯಾನಿಸೋಣ.

ಒಂದನೆಯದಾಗಿ, ಅಬ್ರಹಾಮನು ಏನು ಮಾಡಿದನೆಂದು ನೋಡೋಣ.

ಸಾರಳು ನೂರ ಇಪ್ಪತ್ತೇಳು ವರುಷದವಳಾಗಿ ಹೆಬ್ರೋನಿನಲ್ಲಿ ತೀರಿಹೋದಳು. ಅಬ್ರಹಾಮನು ಅವಳಿಗಾಗಿ ಗೋಳಾಡಿ ಅತ್ತನು. ವಿಶ್ವಾಸಿಯಾದವನು ಅಳಬಾರದೆಂದು ಹೇಳುವವರು ಇದನ್ನು ಗಮನಿಸಲಿ. ಅತ್ತ ಮೇಲೆ ಅವನು ಶವದ ಬಳಿಯಿಂದ ಎದ್ದು ಹಿತ್ತಿಯರ ಬಳಿಗೆ ಹೋದನು. ದೇವರು ಆ ದೇಶವನ್ನೆಲ್ಲಾ ಅವನ ಸಂತಾನಕ್ಕೆ ಕೊಡುವೆನೆಂದು ಮಾತುಕೊಟ್ಟಿದ್ದನು. ಆದರೂ ಹೆಂಡತಿಯನ್ನು ಹೂಣಿಡುವುದಕ್ಕೆ ಒಂದು ಮೊಳ ನೆಲವೂ ಅವನದಾಗಿರಲಿಲ್ಲ. ತಾನು ಪರದೇಶಿಯೂ ಪ್ರವಾಸಿಯೂ ಆಗಿದ್ದೇನೆಂದು ಒಪ್ಪಿಕೊಂಡು, ಎಫ್ರೋನನ ಹೊಲದ ಅಂಚಿನಲ್ಲಿದ್ದ ಮಕ್ಪೇಲದ ಗವಿಯನ್ನು ಪೂರ್ಣ ಕ್ರಯಕ್ಕೆ ಕೊಡಬೇಕೆಂದು ಅವನು ಬೇಡಿಕೊಂಡನು. ಎಫ್ರೋನನು, ಹಣವೇ ಬೇಡ, ಸುಮ್ಮನೆ ತೆಗೆದುಕೋ ಎಂದನು. ಅಬ್ರಹಾಮನು ಒಪ್ಪಲಿಲ್ಲ. 400 ಶೇಕೆಲ್ ಬೆಳ್ಳಿಯನ್ನು, ಈಗಿನ ತೂಕದಲ್ಲಿ ಸುಮಾರು ನಾಲ್ಕೂವರೆ ಕಿಲೋಗ್ರಾಂ ಬೆಳ್ಳಿಯನ್ನು, ಊರಬಾಗಿಲಲ್ಲಿ ಎಲ್ಲರ ಕಣ್ಣೆದುರಿಗೆ ತೂಗಿ ಕೊಟ್ಟನು. ಹೊಲ, ಅದರಲ್ಲಿದ್ದ ಗವಿ, ಎಲ್ಲೆಯೊಳಗಿನ ಮರಗಳು, ಇವೆಲ್ಲವೂ ಸಾಕ್ಷಿಗಳ ಮುಂದೆ ಅವನಿಗೆ ಸ್ಥಿರವಾದವು. ನಮ್ಮ ಕಾಲದ ಕ್ರಯಪತ್ರದಲ್ಲಿ ಚಕ್ಕುಬಂದಿಯನ್ನೂ ಗಿಡಮರಗಳನ್ನೂ ಬರೆಯುವ ಹಾಗೆಯೇ ಅದು ನಡೆಯಿತು.

ಪ್ರಿಯರೇ, ಆ ಹೊಲವನ್ನು ಸಾರಳಿಗಾಗಿ ಕೊಂಡದ್ದೆಂದು ನಾವು ಹೇಳುತ್ತೇವೆ. ಆದರೆ ಲೆಕ್ಕ ಹಾಕಿ ನೋಡಿರಿ. ಅಬ್ರಹಾಮನು ಸಾರಳಿಗಿಂತ ಹತ್ತು ವರುಷ ದೊಡ್ಡವನು. ಆ ದಿನ ಅವನಿಗೆ 137 ವರುಷ. ಅವನು ತೀರಿಹೋದದ್ದು 175ನೆಯ ವರುಷದಲ್ಲಿ. ಅವನ ಮಕ್ಕಳಾದ ಇಸಾಕನೂ ಇಷ್ಮಾಯೇಲನೂ ಅವನನ್ನು ಅದೇ ಗವಿಯಲ್ಲಿ ಹೂಣಿಟ್ಟರು. ಹಾಗಾದರೆ ಅಬ್ರಹಾಮನು ತನ್ನ ಸಮಾಧಿಯ ಕ್ರಯವನ್ನು ತಾನು ಸಾಯುವುದಕ್ಕೆ 38 ವರುಷ ಮುಂಚೆಯೇ ತೀರಿಸಿಬಿಟ್ಟಿದ್ದನು. ಅಲ್ಲಿಗೂ ಮುಗಿಯಲಿಲ್ಲ. ಇಸಾಕನು, ರೆಬೆಕ್ಕಳು, ಲೇಯಳು, ಕಡೆಗೆ ಐಗುಪ್ತದಲ್ಲಿ ತೀರಿಹೋದ ಯಾಕೋಬನು, ಇವರೆಲ್ಲರೂ ಅಲ್ಲಿಯೇ ಸೇರಿಸಲ್ಪಟ್ಟರು. ಒಬ್ಬನು ಬದುಕಿರುವಾಗ ತೂಗಿಕೊಟ್ಟ ಬೆಳ್ಳಿಯಿಂದ ಮೂರು ತಲೆಯವರ ಮನೆಯಲ್ಲಿ ಸಾವಿನ ದಿನ ಒಂದು ಚಿಂತೆ ಇಲ್ಲದೆ ಹೋಯಿತು. ಇಷ್ಮಾಯೇಲನಿಗೂ ಇಸಾಕನಿಗೂ ಎಷ್ಟೋ ವಿಷಯಗಳಲ್ಲಿ ಬೇರೆತನವಿದ್ದರೂ ತಂದೆಯ ಸಮಾಧಿಯ ಬಳಿಯಲ್ಲಿ ಜಗಳವಿರಲಿಲ್ಲ. ಯಾಕಂದರೆ ಜಗಳಕ್ಕೆ ತಕ್ಕದ್ದೇನನ್ನೂ ತಂದೆಯು ಬಾಕಿ ಇಟ್ಟಿರಲಿಲ್ಲ.

ಎರಡನೆಯದಾಗಿ, ನಾವು ಹಾಗೆ ಮಾಡದೆ ಇರುವುದಕ್ಕೆ ಹೇಳುವ ನೆವಗಳನ್ನು ಪರೀಕ್ಷಿಸೋಣ.

ಮೊದಲನೆಯ ನೆವವು ಭಯದಿಂದ ಹುಟ್ಟಿದ್ದು. ಮುದುಕನಾದ ತಂದೆಯು ಸಂಜೆ ಜಗಲಿಯ ಮೇಲೆ ಕುಳಿತು, “ಮಗನೇ, ನಾನು ಹೋದ ಮೇಲೆ ಹೀಗೆ ಹೀಗೆ ಮಾಡು” ಎಂದು ಬಾಯಿ ತೆರೆದರೆ, ಮಗನು, “ಬಿಡ್ತು ಅನ್ನಪ್ಪಾ, ದೀಪ ಹಚ್ಚುವ ಹೊತ್ತಿನಲ್ಲಿ ಎಂಥಾ ಮಾತು!” ಎಂದು ಬಾಯಿ ಮುಚ್ಚಿಸುತ್ತಾನೆ. ಸೊಸೆಯು ಒಳಗೆ ಎದ್ದು ಹೋಗುತ್ತಾಳೆ. ತಂದೆಯು ಹೇಳಬೇಕೆಂದಿದ್ದ ಮಾತು ಅವನ ಸಂಗಡವೇ ಮಣ್ಣಿಗೆ ಹೋಗುತ್ತದೆ. ಮಾತಾಡಿದರೆ ಸಾವು ಬರುವುದೆಂದೂ ಮಾತಾಡದಿದ್ದರೆ ಬಾರದೆಂದೂ ನಾವು ನಂಬುತ್ತೇವೋ? ಶಕುನಗಳನ್ನು ಬಿಟ್ಟು ಜೀವವುಳ್ಳ ದೇವರ ಕಡೆಗೆ ತಿರುಗಿಕೊಂಡವರಿಗೆ ಇದು ತಕ್ಕದ್ದಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುವಳೇ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಷ್ಟೇ. ಈ ಲೋಕಕ್ಕೆ ಬಂದವರಿಗೆ ಆ ದಾರಿಯು ತಪ್ಪದು. ಯಾಕೋಬನು ತನ್ನ ಮಗನಾದ ಯೋಸೇಫನನ್ನು ಕರೆದು, ತನ್ನನ್ನು ಐಗುಪ್ತದಲ್ಲಿ ಹೂಣಿಡಬಾರದೆಂದು ಪ್ರಮಾಣ ಮಾಡಿಸಿದನು. ಯೋಸೇಫನು ಅವನ ಬಾಯಿ ಮುಚ್ಚಿಸಲಿಲ್ಲ. ಹಾಗೆಯೇ ಮಾಡುವೆನೆಂದು ಪ್ರಮಾಣ ಮಾಡಿದನು. ಆಗ ಆ ಮುದುಕನು ಹಾಸಿಗೆಯ ತಲೆದಿಂಬಿನ ಕಡೆಗೆ ಬಾಗಿ ದೇವರನ್ನು ಆರಾಧಿಸಿದನು. ಹೆತ್ತವರ ಈ ಮಾತನ್ನು ಕೂತು ಕೇಳುವುದೂ ಅವರನ್ನು ಸನ್ಮಾನಿಸುವುದರಲ್ಲಿ ಸೇರಿದೆ.

ಎರಡನೆಯ ನೆವವು ಭಕ್ತಿಯ ವೇಷ ಹಾಕಿಕೊಂಡು ಬರುತ್ತದೆ. ನಾಳೆಯ ವಿಷಯವಾಗಿ ಚಿಂತೆಮಾಡಬಾರದೆಂದು ಕರ್ತನೇ ಕಲಿಸಿದನಲ್ಲಾ ಎಂದು ಕೆಲವರು ಕೇಳುತ್ತಾರೆ. ಹೌದು, ಕಲಿಸಿದನು. ಆದರೆ ಚಿಂತೆ ಬೇರೆ, ಸಿದ್ಧತೆ ಬೇರೆ. ಮುಂಗಾರಿಗೆ ಮೊದಲೇ ಮಾಡಿನ ಹೆಂಚು ಸರಿಮಾಡಿಕೊಂಡವನು ಮಳೆಯ ರಾತ್ರಿ ನಿದ್ರೆ ಮಾಡುತ್ತಾನೆ. ಮಾಡದವನು ಪಾತ್ರೆಗಳನ್ನು ಸೋರುವಲ್ಲೆಲ್ಲಾ ಇಡುತ್ತಾ ಎಚ್ಚರವಾಗಿರುತ್ತಾನೆ. ಇವರಿಬ್ಬರಲ್ಲಿ ಚಿಂತೆ ಮಾಡಿದವನು ಯಾರು? ಗೋಪುರ ಕಟ್ಟಬೇಕೆಂದಿರುವವನು ಮೊದಲು ಕೂತುಕೊಂಡು ಖರ್ಚಿನ ಲೆಕ್ಕ ಮಾಡುತ್ತಾನೆಂದು ಹೇಳಿದವನೂ ಅದೇ ಕರ್ತನು. ಅದು ಮಾತ್ರವಲ್ಲ, ಆತನು ಶಿಲುಬೆಯ ಮೇಲೆ ಪ್ರಾಣ ಬಿಡುವ ಹೊತ್ತಿನಲ್ಲಿಯೂ ತನ್ನ ತಾಯಿಯನ್ನು ಪ್ರಿಯ ಶಿಷ್ಯನ ಕೈಗೆ ಒಪ್ಪಿಸಿದನು. ಲೋಕದ ಪಾಪವನ್ನೆಲ್ಲಾ ಹೊತ್ತವನು, ತನ್ನ ಹಿಂದೆ ಉಳಿಯುವ ಒಬ್ಬ ವಿಧವೆಯ ಊಟ ವಸತಿಯ ವಿಷಯವನ್ನು ಮರೆಯಲಿಲ್ಲ.

ಮೂರನೆಯ ನೆವವು ಸೋಮಾರಿತನದ್ದು. ನಾನು ಸತ್ತ ಮೇಲೆ ಏನಾದರೇನು, ಊರವರು ಹೇಗೂ ಮಣ್ಣು ಮಾಡುತ್ತಾರೆ ಎಂಬದೇ ಅದು. ಮಣ್ಣು ಮಾಡುವರು, ನಿಜ. ಆದರೆ ಆ ಮಣ್ಣಿನ ಸಾಲವು ಯಾರ ತಲೆಯ ಮೇಲೆ ಬೀಳುವುದೆಂದು ಯೋಚಿಸಬೇಕು.

ಮೂರನೆಯದಾಗಿ, ಆ ಸಾಲದ ಸಂಗತಿಯನ್ನೇ ನೋಡೋಣ.

ಒಬ್ಬ ಕೂಲಿಯವನು ತಾಲೂಕಿನ ಆಸ್ಪತ್ರೆಯಲ್ಲಿ ತೀರಿಹೋದನೆಂದು ನೆನಸೋಣ. ಶವವನ್ನು ಊರಿಗೆ ತರುವ ಗಾಡಿಗೆ ಹಣ ಬೇಕು. ದೂರದ ಪಟ್ಟಣದಲ್ಲಿ ಕೆಲಸದಲ್ಲಿರುವ ಮಗನು ಬರುವ ತನಕ ಶವವನ್ನಿಡಲು ತಂಪು ಪೆಟ್ಟಿಗೆಯ ಬಾಡಿಗೆ ಬೇಕು. ಶವಪೆಟ್ಟಿಗೆ, ಬಟ್ಟೆ, ಕುಣಿ, ಶಾಮಿಯಾನ, ಕುರ್ಚಿ, ಊಟ, ಇವೆಲ್ಲಾ ಸೇರಿ 30,000 ರೂಪಾಯಿ ಆಯಿತೆಂದು ಇಟ್ಟುಕೊಳ್ಳೋಣ. ಆ ದಿನ ಮನೆಯವರು ಬೆಲೆ ವಿಚಾರಿಸುವ ಸ್ಥಿತಿಯಲ್ಲಿರುವುದಿಲ್ಲ. ಚೌಕಾಸಿ ಮಾಡುವುದಕ್ಕೆ ನಾಚಿಕೆ. ಕಡಿಮೆ ಮಾಡಿದರೆ ಜನ ಏನೆಂದಾರು ಎಂಬ ಭಯ. ವಿಧವೆಯು ಕಣ್ಣೊರಸಿಕೊಳ್ಳುತ್ತಾ, ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯಂತೆ ಸಾಲ ತರಿಸುತ್ತಾಳೆ. ಬಡ್ಡಿಯೇ ತಿಂಗಳಿಗೆ 900 ರೂಪಾಯಿ, ವರುಷಕ್ಕೆ 10,800 ರೂಪಾಯಿ. ಅಸಲು ಹಾಗೆಯೇ ನಿಂತಿರುತ್ತದೆ. ಮೂರು ವರುಷದೊಳಗೆ ಬಡ್ಡಿಯು ಅಸಲನ್ನು ಮೀರಿ ಹೋಗುತ್ತದೆ. ಈ ನಡುವೆ ಮಗಳು ಶಾಲೆ ಬಿಟ್ಟು ಕೂಲಿಗೆ ಹೊರಟಿರುತ್ತಾಳೆ. ತಂದೆಯು ಮಗಳನ್ನು ಎಷ್ಟು ಪ್ರೀತಿಸಿದ್ದನೋ! ಆದರೆ ಅವನ ಶವಪೆಟ್ಟಿಗೆಯೇ ಅವಳ ಪುಸ್ತಕಗಳನ್ನು ನುಂಗಿಬಿಟ್ಟಿತು.

ಅದೇ ಮನುಷ್ಯನು ಬದುಕಿರುವಾಗ ತಿಂಗಳಿಗೆ 250 ರೂಪಾಯಿಯಂತೆ ಅಂಚೆಯ ಕಚೇರಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಕಟ್ಟುತ್ತಾ ಬಂದಿದ್ದರೆ, ಬಡ್ಡಿಯ ಮಾತೇ ಇಲ್ಲದೆ ಹತ್ತು ವರುಷದಲ್ಲಿ ಅಷ್ಟೇ 30,000 ರೂಪಾಯಿ ಆಗುತ್ತಿತ್ತು. ಮುಂಚೆ ಇಡುವ 250, ಆಮೇಲೆ ತೆರುವ 900; ಇವೆರಡರ ನಡುವಿನ ವ್ಯತ್ಯಾಸವನ್ನು ನಮ್ಮ ಸಂಡೇ ಸ್ಕೂಲಿನ ಮಕ್ಕಳೂ ಹೇಳಬಲ್ಲರು.

ನಾಲ್ಕನೆಯದಾಗಿ, ಸಿದ್ಧತೆಯ ಹೆಸರಿನಲ್ಲಿ ಬರುವ ಡಂಭದ ವಿಷಯವಾಗಿ ಎಚ್ಚರವಾಗಿರೋಣ.

ತನಗಾಗಿ ಮುಂದಾಗಿ ಸಮಾಧಿ ಮಾಡಿಸಿಕೊಂಡ ಇನ್ನೊಬ್ಬ ಮನುಷ್ಯನು ಸತ್ಯವೇದದಲ್ಲಿದ್ದಾನೆ. ಅವನೇ ಅರಮನೆಯ ಮೇಲ್ವಿಚಾರಕನಾದ ಶೆಬ್ನನು (ಯೆಶಾಯ 22). ಅವನು ಎತ್ತರವಾದ ಸ್ಥಳದಲ್ಲಿ ಬಂಡೆಯನ್ನು ಕೊರೆಯಿಸಿ ತನ್ನ ಹೆಸರು ನಿಲ್ಲುವಂತೆ ಗೋರಿಯನ್ನು ಮಾಡಿಸಿಕೊಳ್ಳುತ್ತಿದ್ದಾಗ, ದೇವರು ಪ್ರವಾದಿಯ ಮೂಲಕ ಅವನನ್ನು ಗದರಿಸಿ, ನೀನು ಈ ಗೋರಿಯಲ್ಲಿ ಮಲಗದೆ ದೂರದ ದೇಶದಲ್ಲಿ ಸಾಯುವಿ ಎಂದು ತಿಳಿಸಿದನು. ಅಬ್ರಹಾಮನೂ ಹಣ ಕೊಟ್ಟನು, ಶೆಬ್ನನೂ ಹಣ ಕೊಟ್ಟನು. ಒಬ್ಬನು ಕೊಟ್ಟದ್ದು ಉಳಿದವರ ಭಾರ ಇಳಿಸುವುದಕ್ಕೆ. ಇನ್ನೊಬ್ಬನು ಕೊಟ್ಟದ್ದು ತನ್ನ ಹೆಸರು ಎತ್ತುವುದಕ್ಕೆ.

ಮೈಸೂರು ಸೀಮೆಯಲ್ಲಿ ಸುವಾರ್ತೆಯ ಕೆಲಸ ಮಾಡಿದ ವೆಸ್ಲಿಯನ್ ಮಿಶನ್ನಿಗೆ ಯಾರ ಹೆಸರುಂಟೋ, ಆ ಜಾನ್ ವೆಸ್ಲಿಯವರು ಈ ವಿಷಯದಲ್ಲಿ ನಮಗೆ ಒಳ್ಳೆಯ ಮಾದರಿ. ಅವರು 1791ನೆಯ ಮಾರ್ಚ್ 2ರಂದು 87ನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ನಿದ್ರೆಹೋದರು. ತಮ್ಮ ಮರಣಶಾಸನದಲ್ಲಿ ಅವರು, ಶವರಥವಾಗಲಿ ಸಾರೋಟಾಗಲಿ ಆಡಂಬರವಾಗಲಿ ಬೇಡವೆಂದೂ, ಆರು ಮಂದಿ ಬಡವರು ತಮ್ಮ ದೇಹವನ್ನು ಹೊರಬೇಕೆಂದೂ, ಆ ಆರು ಮಂದಿಗೆ ಹಂಚುವುದಕ್ಕೆ ಆರು ಪೌಂಡುಗಳನ್ನು ಇಟ್ಟಿರುವೆನೆಂದೂ ಬರೆದಿದ್ದರು. ಅದರಂತೆಯೇ ಮಾರ್ಚ್ 9ರಂದು ಬೆಳಗಾಗುವುದಕ್ಕೆ ಮುಂಚೆಯೇ ಅವರನ್ನು ಸಮಾಧಿ ಮಾಡಿದರು. ಬಡವರಿಗೆ ಹಣ ಕೊಡುವ ಆ ಪುಣ್ಯಪುರುಷರ ಅಭ್ಯಾಸವು ಹೆಗಲ ಮೇಲೆ ಹೋಗುವಾಗಲೂ ನಿಲ್ಲಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಈಚೆಗೆ ಏನಾಗುತ್ತಿದೆ? ಬದುಕಿರುವಾಗ ತಂದೆಗೆ ಕನ್ನಡಕ ಕೊಡಿಸದವರು ಸತ್ತ ಮೇಲೆ ಅವರ ಚಿತ್ರದ ದೊಡ್ಡ ಫ್ಲೆಕ್ಸನ್ನು ರಸ್ತೆಯ ಬದಿಯಲ್ಲಿ ಕಟ್ಟಿಸುತ್ತಾರೆ. ತಾಯಿಯ ಔಷಧಿಗೆ ಹಣವಿಲ್ಲವೆಂದವರು ಆಕೆಯ ಗೋರಿಗೆ ಕಪ್ಪು ಕಲ್ಲು ಹಾಸಿಸುತ್ತಾರೆ. ಬೇಥಾನ್ಯದ ಸ್ತ್ರೀಯನ್ನು ಜ್ಞಾಪಕಮಾಡಿಕೊಳ್ಳೋಣ. ಮುನ್ನೂರು ಹಣಕ್ಕಿಂತ ಹೆಚ್ಚು ಬೆಲೆಯುಳ್ಳ ತೈಲವನ್ನು ಆಕೆಯು ಕರ್ತನು ಬದುಕಿರುವಾಗಲೇ ಆತನ ತಲೆಯ ಮೇಲೆ ಹೊಯ್ದಳು. ತನ್ನನ್ನು ಹೂಣಿಡುವ ದಿನಕ್ಕಾಗಿ ಇದನ್ನು ಮುಂದಾಗಿ ಮಾಡಿದಳೆಂದು ಕರ್ತನು ಆಕೆಯನ್ನು ಹೊಗಳಿದನು. ಮೂರನೆಯ ದಿನ ಬೆಳಿಗ್ಗೆ ಸುಗಂಧದ್ರವ್ಯಗಳನ್ನು ತಂದ ಸ್ತ್ರೀಯರಿಗೋ ಅವುಗಳನ್ನು ಹಚ್ಚುವುದಕ್ಕೆ ಸಂದರ್ಭವೇ ದೊರೆಯಲಿಲ್ಲ, ಸಮಾಧಿಯು ಬರಿದಾಗಿತ್ತು. ಮುಂಚೆ ತೋರಿಸಿದ ಪ್ರೀತಿಯು ಸೇರಬೇಕಾದಲ್ಲಿಗೆ ಸೇರಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಕಡೆಯ ಹಾಸಿಗೆಗೂ ಸಲ್ಲುತ್ತದೆ.

ಐದನೆಯದಾಗಿ, ಇದು ಒಬ್ಬೊಬ್ಬನ ಮನೆಯ ಕೆಲಸ ಮಾತ್ರವಲ್ಲ, ಸಭೆಯ ಕೆಲಸವೂ ಹೌದೆಂದು ತಿಳಿಯೋಣ.

ಕ್ರೈಸ್ತರಲ್ಲದ ರೋಮಿನವರಲ್ಲಿಯೂ ಬಡವರು ಕೂಡಿಕೊಂಡು ಶವಸಂಸ್ಕಾರದ ಸಂಘಗಳನ್ನು ನಡಿಸುತ್ತಿದ್ದರು. ರೋಮಿನ ಸಮೀಪದ ಲಾನುವಿಯುಂ ಎಂಬ ಊರಲ್ಲಿದ್ದ ಅಂಥ ಒಂದು ಸಂಘದ ನಿಯಮಗಳು ಕ್ರಿ. ಶ. 136ರ ಒಂದು ಶಿಲಾಶಾಸನದಲ್ಲಿ ಉಳಿದುಬಂದಿವೆ. ಸೇರುವವನು 100 ಸೆಸ್ಟರ್ಸ್ ನಾಣ್ಯಗಳನ್ನೂ ಒಂದು ಕೊಡ ದ್ರಾಕ್ಷಾರಸವನ್ನೂ ಕೊಡಬೇಕು. ಆಮೇಲೆ ತಿಂಗಳಿಗೆ 5 ಸಣ್ಣ ತಾಮ್ರದ ಕಾಸು. ಅವನು ಸತ್ತರೆ ಸಂಘವು 300 ಸೆಸ್ಟರ್ಸ್ ವೆಚ್ಚ ಮಾಡುತ್ತಿತ್ತು. ಗುಲಾಮರೂ ಅದರಲ್ಲಿ ಸೇರಿದ್ದರು. ಸತ್ತ ಗುಲಾಮನ ದೇಹವನ್ನು ಒಡೆಯನು ಹಗೆಯಿಂದ ಕೊಡದೆ ಹೋದರೆ, ಅವನ ಪ್ರತಿಮೆಯನ್ನಿಟ್ಟಾದರೂ ಸಂಘದವರು ಸಂಸ್ಕಾರ ಮಾಡುತ್ತಿದ್ದರು. ಆದರೆ ಕಾಸು ಕಟ್ಟದೆ ಬಾಕಿ ಬಿದ್ದವನಿಗೆ ಅಲ್ಲಿ ಏನೂ ದೊರೆಯುತ್ತಿರಲಿಲ್ಲ.

ಇನ್ನು ನಮ್ಮ ಆದಿಸಭೆಯನ್ನು ನೋಡಿರಿ. ಅಪೊಸ್ತಲರ ಕೃತ್ಯಗಳ 5ನೆಯ ಅಧ್ಯಾಯದಲ್ಲಿ, ಸುಳ್ಳಾಡಿ ಬಿದ್ದು ಸತ್ತ ಅನನೀಯನನ್ನು ಸಹ ಸಭೆಯ ಯೌವನಸ್ಥರು ಎದ್ದು, ಬಟ್ಟೆ ಸುತ್ತಿ, ಹೊತ್ತುಕೊಂಡು ಹೋಗಿ ಹೂಣಿಟ್ಟರು. ಸುಮಾರು ಕ್ರಿ. ಶ. 197ರಲ್ಲಿ ಕಾರ್ಥೇಜಿನ ತೆರ್ತುಲ್ಲಿಯನೆಂಬ ಸಭಾಪಂಡಿತನು ಕ್ರೈಸ್ತರ ನಡತೆಯನ್ನು ಸಮರ್ಥಿಸಿ ಬರೆದಾಗ, ಸಭೆಯಲ್ಲಿ ಒಂದು ಪೆಟ್ಟಿಗೆಯುಂಟೆಂದೂ, ಪ್ರತಿಯೊಬ್ಬನು ತಿಂಗಳಿಗೊಮ್ಮೆ ಮನಸ್ಸಿದ್ದರೆ ಮತ್ತು ಶಕ್ತಿಯಿದ್ದರೆ ಅದರಲ್ಲಿ ಹಾಕುತ್ತಾನೆಂದೂ, ಬಲವಂತವಿಲ್ಲವೆಂದೂ, ಆ ಹಣವು ಬಡವರನ್ನು ಪೋಷಿಸುವುದಕ್ಕೂ ಹೂಣಿಡುವುದಕ್ಕೂ ಅನಾಥರಿಗೂ ವೃದ್ಧರಿಗೂ ಹೋಗುತ್ತದೆಂದೂ ತಿಳಿಸಿದನು. ರೋಮಿನವರ ಸಂಘಕ್ಕೂ ಕ್ರಿಸ್ತನ ಸಭೆಗೂ ಇರುವ ಭೇದವು ಇದೇ: ಅಲ್ಲಿ ಕಟ್ಟಿದವನಿಗೆ ಮಾತ್ರ; ಇಲ್ಲಿ ಕಟ್ಟಲಾರದವನಿಗೂ.

ಹೀಗಿರುವಲ್ಲಿ ಪ್ರತಿಯೊಂದು ಗ್ರಾಮಸಭೆಯವರೂ ಒಂದು ಶವಸಂಸ್ಕಾರ ನಿಧಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ನಾಲ್ವತ್ತು ಮನೆಗಳ ಸಭೆಯಲ್ಲಿ ಮನೆಗೆ ತಿಂಗಳಿಗೆ 50 ರೂಪಾಯಿ ಕೂಡಿಸಿದರೆ ತಿಂಗಳಿಗೆ 2,000, ವರುಷಕ್ಕೆ 24,000 ರೂಪಾಯಿ ಆಗುತ್ತದೆ. ವರುಷದಲ್ಲಿ ಮೂರು ಸಾವುಗಳಾದರೂ ಒಂದೊಂದು ಮನೆಗೆ 8,000 ರೂಪಾಯಿಯನ್ನು ಆ ದಿನವೇ ಕೊಡಬಹುದು. ಪೆಟ್ಟಿಗೆಗೂ ಕುಣಿಗೂ ಸಾಲ ಮಾಡುವ ಅವಶ್ಯವು ತಪ್ಪೀತು. ಆದರೆ ನಿಯಮಗಳು ಬಿಗಿಯಾಗಿರಲಿ. ಹಣವು ಯಾರ ಮನೆಯ ಕಪಾಟಿನಲ್ಲಿಯೂ ಇರದೆ ಬ್ಯಾಂಕಿನಲ್ಲಿರಲಿ. ತೆಗೆಯುವುದಕ್ಕೆ ಇಬ್ಬರ ರುಜು ಬೇಕು. ವರುಷಕ್ಕೊಮ್ಮೆ ಸಭೆಯ ಮುಂದೆ ಲೆಕ್ಕವನ್ನು ಗಟ್ಟಿಯಾಗಿ ಓದಲಿ. ದೇವಾಲಯದ ಸುಣ್ಣ ಬಣ್ಣಕ್ಕೆಂದು ಅದರಿಂದ ಒಂದು ಕಾಸನ್ನೂ ತೆಗೆಯದಿರಲಿ. ಹಿರಿಯರ ಮನೆಗೂ ಕೂಲಿಯವನ ಮನೆಗೂ ಒಂದೇ ಮೊತ್ತ ಸಲ್ಲಲಿ. ವಿಧವೆಯು ಬಂದು ಅರ್ಜಿ ಬರೆಯಬೇಕೆಂದು ಯಾರೂ ಕಾಯದಿರಲಿ. ಬಾಕಿದಾರನ ಶವವನ್ನು ಅಂಗಳದಲ್ಲಿಟ್ಟುಕೊಂಡು ಬಾಕಿಯ ಪಟ್ಟಿಯನ್ನು ತೆರೆಯುವುದು ಕ್ರೈಸ್ತರಿಗೆ ತಕ್ಕದ್ದಲ್ಲ.

ಲಾಭಕ್ಕಾಗಿ ಈ ಕೆಲಸ ಮಾಡುವವರ ಕೈಗೆ ಹಣ ಕೊಡುವವರು ಇನ್ನೂ ಹೆಚ್ಚು ಜಾಗರೂಕರಾಗಿರಬೇಕು. ಇಂಗ್ಲೆಂಡಿನಲ್ಲಿ ಶವಸಂಸ್ಕಾರದ ವೆಚ್ಚವನ್ನು ಕಂಪೆನಿಗಳಿಗೆ ಮುಂಗಡವಾಗಿ ಕಟ್ಟುವ ಪದ್ಧತಿಯು ಬಹಳವಾಗಿದೆ. 2022ನೆಯ ಮಾರ್ಚ್ ತಿಂಗಳಲ್ಲಿ ಅಂಥ ಒಂದು ಕಂಪೆನಿಯು ಮುಳುಗಿತು. ಸುಮಾರು 46,000 ಮಂದಿ ಅದರಲ್ಲಿ ಹಣ ಕಟ್ಟಿದ್ದರು, ಅವರಲ್ಲಿ ಬಹುಮಂದಿ ವೃದ್ಧರು. ಅದೇ ವರುಷದ ಜುಲೈ 29ರಿಂದ ಅಲ್ಲಿನ ಹಣಕಾಸಿನ ಅಧಿಕಾರಿಗಳು ಈ ಕಂಪೆನಿಗಳನ್ನೆಲ್ಲಾ ತಮ್ಮ ಪರವಾನಗಿಯ ಕೆಳಗೆ ತಂದರು. ನಮ್ಮ ಹಳ್ಳಿಗಳಿಗೂ ನಾಳೆ ಸಿಹಿಮಾತಿನವರು ರಸೀತಿ ಪುಸ್ತಕ ಹಿಡಿದುಕೊಂಡು ಬಂದಾರು. ಅಬ್ರಹಾಮನು ಬೆಳ್ಳಿಯನ್ನು ಊರಬಾಗಿಲಲ್ಲಿ ಸಾಕ್ಷಿಗಳ ಮುಂದೆ ತೂಗಿದನೇ ಹೊರತು ಕತ್ತಲಲ್ಲಿ ಕೊಡಲಿಲ್ಲವೆಂಬದನ್ನು ಮರೆಯಬಾರದು.

ಆರನೆಯದಾಗಿ, ಪ್ರತಿಯೊಬ್ಬನು ಮಾಡಿಡತಕ್ಕ ಕೆಲವು ಕೆಲಸಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ.

ಹಿಜ್ಕೀಯನು ರೋಗದಲ್ಲಿ ಬಿದ್ದಾಗ ಮನೆಯ ವಿಷಯವನ್ನು ಕ್ರಮಪಡಿಸಬೇಕೆಂದು ಯೆಶಾಯನು ಅವನಿಗೆ ತಿಳಿಸಿದನು. ದೇವರು ಆಮೇಲೆ ಅವನಿಗೆ ಹದಿನೈದು ವರುಷಗಳನ್ನು ಕೂಡಿಸಿ ಕೊಟ್ಟನು. ಕ್ರಮಪಡಿಸಿದ ಮನೆಯಲ್ಲಿ ಹದಿನೈದು ವರುಷ ಬದುಕುವುದೂ ಒಂದು ಆಶೀರ್ವಾದವೇ.

ಮೊದಲು, ಒಂದು ಕಾಗದದ ಮೇಲೆ ನಮ್ಮ ಇಷ್ಟವನ್ನು ಬರೆದಿಡೋಣ: ಎಲ್ಲಿ ಹೂಣಿಡಬೇಕು, ಯಾವ ಹಾಡುಗಳು, ಊಟ ಎಷ್ಟರ ಮಟ್ಟಿಗೆ, ಯಾವುದು ಬೇಡ. ಬೇಡವೆಂಬ ಪಟ್ಟಿಯೇ ಮುಖ್ಯ. ಯಾಕಂದರೆ ಸತ್ತವನೇ ಬೇಡವೆಂದು ಬರೆದದ್ದಾದರೆ ಮಕ್ಕಳು ಜನರ ಬಾಯಿಗೆ ಅಂಜಬೇಕಾಗಿಲ್ಲ. ಈ ಕಾಗದವನ್ನು ಮರಣಶಾಸನದೊಳಗೆ ಮಾತ್ರ ಸೇರಿಸಿ ಬೀಗ ಹಾಕಬಾರದು. ಮರಣಶಾಸನವನ್ನು ಅನೇಕ ವೇಳೆ ಮಣ್ಣು ಮಾಡಿಯಾದ ಮೇಲೆ ತೆರೆಯುತ್ತಾರೆ. ಒಂದು ಪ್ರತಿಯನ್ನು ಹಿರೀ ಮಗನಿಗೋ ಮಗಳಿಗೋ, ಇನ್ನೊಂದನ್ನು ಸಭಾಪಾಲಕರಿಗೆ ಕೊಟ್ಟಿರಬೇಕು.

ಎರಡನೆಯದು, ಕೂಡಿಸಿಟ್ಟ ಹಣಕ್ಕೆ ನಾಮಿನಿಯ ಹೆಸರನ್ನು ಬರೆಯಿಸಿರಬೇಕು. ಸಾಧ್ಯವಾದರೆ ಗಂಡಹೆಂಡಿರಲ್ಲಿ ಉಳಿದವರು ತೆಗೆಯಬಹುದಾದಂತೆ ಜಂಟಿ ಖಾತೆ ಇರಲಿ. ಬೀಗ ಹಾಕಿದ ಹಣದಿಂದ ಆ ದಿನ ಪೆಟ್ಟಿಗೆ ಬಾರದು.

ಮೂರನೆಯದು, ಆಸ್ತಿ ಇರುವವರು ಮರಣಶಾಸನವನ್ನು ಬರೆಯಲಿ. ಕ್ರೈಸ್ತರಿಗೆ ಸಲ್ಲುವ 1925ನೆಯ ಭಾರತೀಯ ಉತ್ತರಾಧಿಕಾರದ ಕಾನೂನಿನ 63ನೆಯ ಕಲಮಿನ ಪ್ರಕಾರ ಅದಕ್ಕೆ ಕಡಿಮೆಯೆಂದರೆ ಇಬ್ಬರು ಸಾಕ್ಷಿಗಳು ಬೇಕು. 67ನೆಯ ಕಲಮಿನಂತೆ, ಸಾಕ್ಷಿ ಹಾಕಿದವನಿಗಾಗಲಿ ಅವನ ಹೆಂಡತಿಗಾಗಲಿ ಬಿಟ್ಟ ಪಾಲು ನಿಲ್ಲುವುದಿಲ್ಲ; ಆದುದರಿಂದ ಪಾಲು ಹೊಂದುವವರಿಂದ ಸಾಕ್ಷಿ ಹಾಕಿಸಬಾರದು. 320ನೆಯ ಕಲಮು ನಮ್ಮ ವಿಷಯಕ್ಕೆ ಬಹಳ ಹತ್ತಿರವಾದದ್ದು: ಸತ್ತವನ ಸ್ಥಿತಿಗೆ ತಕ್ಕಷ್ಟು ಶವಸಂಸ್ಕಾರದ ವೆಚ್ಚವನ್ನೂ, ಕಡೆಯ ಒಂದು ತಿಂಗಳ ವೈದ್ಯರ ಖರ್ಚು ಮೊದಲಾದವುಗಳನ್ನೂ ಅವನ ಆಸ್ತಿಯಿಂದ ಎಲ್ಲಾ ಸಾಲಗಳಿಗಿಂತ ಮುಂಚೆ ತೀರಿಸತಕ್ಕದ್ದೆಂದು ಅದು ಹೇಳುತ್ತದೆ. ಇನ್ನು ಮರಣವನ್ನು 21 ದಿನಗಳೊಳಗೆ ದಾಖಲೆ ಮಾಡಿಸಬೇಕೆಂಬದನ್ನೂ ಮಕ್ಕಳಿಗೆ ತಿಳಿಸಿರಬೇಕು. ಆ ಪತ್ರವಿಲ್ಲದೆ ವಿಧವೆಯು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ನಾಲ್ಕನೆಯದು ಸಭೆಯ ಹಿರಿಯರಿಗೆ ಸೇರಿದ್ದು. ನಮ್ಮ ಸ್ಮಶಾನಭೂಮಿಯು ಯಾರ ಹೆಸರಿನಲ್ಲಿದೆ? ಪಹಣಿಯಲ್ಲಿ ಏನೆಂದು ಬರೆದಿದೆ? ಎಲ್ಲೆಯ ಕಲ್ಲುಗಳು ಇವೆಯೋ? ಹೊತ್ತುಕೊಂಡು ಹೋಗುವ ದಾರಿಯು ನಮ್ಮ ಹಕ್ಕಿನದೋ, ನೆರೆಯವರ ದಾಕ್ಷಿಣ್ಯದ್ದೋ? ಇದನ್ನು ಶವ ಮನೆಯಲ್ಲಿರುವಾಗ ವಿಚಾರಿಸುವುದಲ್ಲ. 2025ನೆಯ ಜನವರಿಯಲ್ಲಿ ಛತ್ತೀಸಗಡದ ಬಸ್ತರ್ ಜಿಲ್ಲೆಯ ಒಂದು ಗ್ರಾಮದಲ್ಲಿ ಕ್ರೈಸ್ತ ಉಪದೇಶಕರೊಬ್ಬರು ತೀರಿಹೋದಾಗ, ಹುಟ್ಟಿದ ಊರಿನಲ್ಲಿ ಅವರನ್ನು ಹೂಣಿಡುವುದಕ್ಕೆ ಊರವರು ಎಡೆಗೊಡಲಿಲ್ಲ. 7ನೆಯ ತಾರೀಖಿನಿಂದ ದೇಹವು ಶವಾಗಾರದಲ್ಲಿಯೇ ಇತ್ತು. ಮಗನು ದೇಶದ ಅತ್ಯುನ್ನತ ನ್ಯಾಯಾಲಯದ ತನಕ ಹೋದನು. 27ನೆಯ ತಾರೀಖಿನಲ್ಲಿ ಇಬ್ಬರು ನ್ಯಾಯಾಧಿಪತಿಗಳ ಅಭಿಪ್ರಾಯವು ಎರಡಾಯಿತಾದರೂ, ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ದೂರದ ಕ್ರೈಸ್ತ ಸ್ಮಶಾನದಲ್ಲಿ ಹೂಣಿಡಬೇಕೆಂದು ಅಪ್ಪಣೆಯಾಯಿತು. ಇಪ್ಪತ್ತು ದಿನ ಆ ಮನೆಯವರ ಕಣ್ಣೀರು ಹೇಗಿದ್ದಿರಬೇಕು! ನಾವು ಪರದೇಶಿಗಳೂ ಪ್ರವಾಸಿಗಳೂ ಆಗಿದ್ದೇವೆಂಬ ಅಬ್ರಹಾಮನ ಮಾತು ಹಳೆಯದಾಗಲಿಲ್ಲ. ಆದುದರಿಂದ ಅಬ್ರಹಾಮನಂತೆ ನಾವೂ ನೆರೆಯವರ ಮುಂದೆ ತಲೆಬಾಗಿ ಮರ್ಯಾದೆಯಿಂದ ಮಾತಾಡಿ, ಕ್ರಯವನ್ನು ಪೂರ್ಣವಾಗಿ ಕೊಟ್ಟು, ಕಾಗದಪತ್ರಗಳನ್ನು ಸರಿಯಾಗಿ ಮಾಡಿಸಿ, ನಮ್ಮವರೆಲ್ಲರು ಜೀವದಿಂದಿರುವಾಗಲೇ ಈ ಕೆಲಸವನ್ನು ಮುಗಿಸೋಣ.

ಕಡೆಯದಾಗಿ, ಪ್ರಿಯರೇ, ನಾವು ಮುಂದಾಗಿ ಕೊಡಬಹುದಾದದ್ದು ಯಾವುದು, ಕೊಡಲಾರದ್ದು ಯಾವುದೆಂಬದನ್ನು ತಿಳಿದುಕೊಳ್ಳೋಣ.

ಸಮಾಧಿಯ ಕ್ರಯವನ್ನು ನಾವು ಕೊಡಬಹುದು. ಅದನ್ನು ಎಫ್ರೋನನು ಸುಮ್ಮನೆ ಕೊಡುತ್ತೇನೆಂದರೂ ಅಬ್ರಹಾಮನು ಕೊಟ್ಟೇ ತೀರಿದನು. ಆದರೆ ಸಮಾಧಿಯಿಂದ ಏಳುವ ಕ್ರಯವನ್ನು ಯಾರು ಕೊಟ್ಟಾರು? ತಿಂಗಳು ತಿಂಗಳು ಎಷ್ಟು ಕಟ್ಟಿದರೂ ಅದು ತುಂಬದು. ಯಾವ ನಿಧಿಯಲ್ಲಿಯೂ ಅಷ್ಟು ಹಣವಿಲ್ಲ. ಅದನ್ನು ದೇವಕುಮಾರನು ತನ್ನ ಅಮೂಲ್ಯವಾದ ರಕ್ತದಿಂದ ನಾವು ಹುಟ್ಟುವುದಕ್ಕೆ ಮುಂಚೆಯೇ ತೀರಿಸಿದನು. ಅಲ್ಲಿ ಎಫ್ರೋನನಂತೆ ನಾವು ಬೆಲೆ ಹೇಳುವುದಕ್ಕಾಗಲಿ, ಅಬ್ರಹಾಮನಂತೆ ಬೆಳ್ಳಿ ತೂಗುವುದಕ್ಕಾಗಲಿ ಆಗದು. ಸುಮ್ಮನೆ ಕೈಚಾಚಿ ತೆಗೆದುಕೊಳ್ಳತಕ್ಕದ್ದು.

ಅರಿಮಥಾಯದ ಯೋಸೇಫನನ್ನು ನೋಡಿರಿ. ಅವನು ತನಗಾಗಿ ಬಂಡೆಯಲ್ಲಿ ಹೊಸ ಸಮಾಧಿಯನ್ನು ಮುಂದಾಗಿ ತೋಡಿಸಿಟ್ಟಿದ್ದನು. ಆ ಶುಕ್ರವಾರದ ಸಂಜೆ, ಸಬ್ಬತ್ತು ಹತ್ತಿರವಾಗಿ, ಶಿಷ್ಯರೆಲ್ಲರು ಚದರಿಹೋಗಿ, ಲೋಕರಕ್ಷಕನ ದೇಹಕ್ಕೆ ಸ್ಥಳವಿಲ್ಲದೆ ಇದ್ದಾಗ, ಆ ಸಿದ್ಧವಾದ ಸಮಾಧಿಯು ಉಪಯೋಗಕ್ಕೆ ಬಂತು. ತನಗೆಂದು ಮಾಡಿಟ್ಟುಕೊಂಡದ್ದನ್ನು ಅವನು ಕರ್ತನಿಗೆ ಬಿಟ್ಟುಕೊಟ್ಟನು. ಕರ್ತನು ಅದನ್ನು ಇಟ್ಟುಕೊಳ್ಳಲಿಲ್ಲ. ಮೂರನೆಯ ದಿನ ಬರಿದುಮಾಡಿ, ಸುತ್ತಿದ ಬಟ್ಟೆಗಳನ್ನು ಅಲ್ಲಿಯೇ ಬಿಟ್ಟು ಹೊರಟುಹೋದನು. ಆ ದಿನದಿಂದ ವಿಶ್ವಾಸಿಯ ಸಮಾಧಿಯು ಕ್ರಯಕ್ಕೆ ಕೊಂಡದ್ದಾದರೂ ಸ್ವಲ್ಪ ಕಾಲದ ಬಿಡಾರವೇ ಆಗಿದೆ.

ಆದುದರಿಂದ ಈ ತಿಂಗಳು ಮುಗಿಯುವುದರೊಳಗೆ, ಒಂದು ಸಂಜೆ ಕುಟುಂಬಪ್ರಾರ್ಥನೆಯಾದ ಮೇಲೆ, ಆದಿಕಾಂಡದ 23ನೆಯ ಅಧ್ಯಾಯವನ್ನು ಓದಿ, ಮಕ್ಕಳನ್ನು ಹತ್ತಿರ ಕೂಡಿಸಿಕೊಂಡು, ಹೇಳಬೇಕಾದದ್ದನ್ನು ಹೇಳಿಬಿಡಿರಿ. ಮಕ್ಕಳೇ, ನೀವು ಹೆತ್ತವರ ಬಾಯಿ ಮುಚ್ಚಿಸದೆ ಕೇಳಿರಿ. ಹಿರಿಯರೇ, ನೀವು ಸಭೆಯ ನಿಧಿಯನ್ನೂ ಸಭೆಯ ಭೂಮಿಯನ್ನೂ ವಿಚಾರಿಸಿರಿ. ಹೀಗೆ ಮಾಡಿದ ಮನೆಯಲ್ಲಿ ಮರಣವು ಬಂದಾಗ ಅಳು ಇರುವುದು, ಆದರೆ ಗಾಬರಿ ಇರದು. ಕಣ್ಣೀರಿರುವುದು, ಆದರೆ ಸಾಲದ ಕಾಗದವಿರದು. ಅಳುವುದಕ್ಕೂ ಪ್ರಾರ್ಥಿಸುವುದಕ್ಕೂ ಅವರಿಗೆ ಬಿಡುವು ದೊರೆಯುವುದು.

ನಮ್ಮ ಪ್ರಾಣದ ಕ್ರಯವನ್ನು ತೀರಿಸಿದ ಕರ್ತನಾದ ಯೇಸು ಕ್ರಿಸ್ತನು, ನಮ್ಮ ಹಿಂದೆ ಉಳಿಯುವವರ ಮೇಲೆ ನಾವು ಭಾರ ಹೊರಿಸದಂತೆ ನಮಗೆ ಬುದ್ಧಿಯನ್ನೂ, ಆ ದಿನದಲ್ಲಿ ಭಯಪಡದಂತೆ ನಮಗೆ ನಿರೀಕ್ಷೆಯನ್ನೂ ಅನುಗ್ರಹಿಸಲಿ. ಆಮೆನ್.